ಹೆಗಲ ಮೇಲಿನ ಭಾರ, ಆಮೇಲಿನ ಆರು ವಾರ

ಹೋದ ಸಂಚಿಕೇಲಿ ಒಬ್ಬರ ಕುತ್ತಿಗೆ ನೋವಿನ ಪ್ರಶ್ನೆಗೆ ಉತ್ತರ ಬರೀತಾ, ನಾನೂ ಎಂಟು ವರ್ಷದ ಹಿಂದೆ ಬ್ರೆಸ್ಟ್ ರಿಡಕ್ಷನ್, ಅಂದ್ರೆ ಸ್ತನದ ಗಾತ್ರ ಕಮ್ಮಿ ಮಾಡೋ ಆಪರೇಷನ್ ಮಾಡಿಸ್ಕೊಂಡೆ ಅಂತ ಒಂದೇ ಒಂದು ಸಾಲಲ್ಲಿ ಹೇಳಿ ಮುಂದಕ್ಕೆ ಹೋಗಿದ್ದೆ. ಆ ಒಂದು ಸಾಲಿಗೆ ಬಂದಷ್ಟು ಪತ್ರ ಈ ಅಂಕಣ ಶುರುವಾದಾಗಿಂದ ಯಾವ ವಿಷಯಕ್ಕೂ ಬಂದಿಲ್ಲ. ಮುಕ್ಕಾಲು ಪಾಲು ಪತ್ರಕ್ಕೆ ಹೆಸರೇ ಇಲ್ಲ. ಒಬ್ಬರಂತೂ "ಇದು ನನ್ನ ಫ್ರೆಂಡ್ ವಿಷಯ" ಅಂತ ಶುರು ಮಾಡಿ ಮೂರನೇ ಸಾಲಿಗೆ "ನನ್ನ ಬೆನ್ನು" ಅಂತ ಬರೆದ್ಬಿಟ್ಟಿದ್ದಾರೆ. ಇರ್ಲಿ ಬಿಡಿ, ಅರ್ಥ ಆಗುತ್ತೆ. ಈ ಸಲ ಪೂರ್ತಿ ಇದೇ ವಿಷಯ. ನಾನು ಡಾಕ್ಟರಲ್ಲ, ಇಪ್ಪತ್ತೆರಡು ವರ್ಷ ಸರ್ಜರಿ ವಾರ್ಡಲ್ಲಿ ಸ್ಟಾಫ್ ನರ್ಸ್ ಆಗಿದ್ದೋಳು, ಆಮೇಲೆ ಅಂಥದ್ದೇ ವಾರ್ಡಲ್ಲಿ ಪೇಷಂಟ್ ಆಗಿ ಮಲಗಿದೋಳು. ಎರಡೂ ಕಡೆಯಿಂದ ನೋಡಿದ್ದನ್ನ ಹೇಳ್ತೀನಿ, ನಿಮ್ಮ ಮೈಗೆ ಏನು ಸರಿ ಅಂತ ನಿಮ್ಮ ಡಾಕ್ಟರೇ ಹೇಳ್ಬೇಕು.

ಪ್ರಶ್ನೆ: ಅಕ್ಕಾ, ನನಗೆ 41 ವರ್ಷ, ಪಿಯು ಕಾಲೇಜಲ್ಲಿ ಲೆಕ್ಚರರ್. ದಿನಕ್ಕೆ ನಾಲ್ಕು ಪೀರಿಯಡ್ ನಿಂತ್ಕೊಂಡು ಬೋರ್ಡ್ ಮೇಲೆ ಬರೆದ್ರೆ ಸಂಜೆಗೆ ಕತ್ತು ಹೆಗಲು ಕಲ್ಲಾಗಿರುತ್ತೆ. ಬ್ರಾ ಪಟ್ಟಿ ಕೂತು ಕೂತು ಹೆಗಲಲ್ಲಿ ಗುಳಿ ಬಿದ್ದಿದೆ. ಬೇಸಿಗೆ ಬಂತಂದ್ರೆ ಎದೆ ಕೆಳಗೆ ಚರ್ಮ ಬೆಂದು ಹೋಗುತ್ತೆ. ಆಪರೇಷನ್ ಮಾಡಿಸ್ಕೋತೀನಿ ಅಂದ್ರೆ ನಮ್ಮ ಅತ್ತೆ "ದೇವರು ಕೊಟ್ಟಿದ್ದನ್ನ ಕತ್ತರಿಸ್ಕೊಳ್ಳೋ ಶೋಕಿ ಏನು ಈ ವಯಸ್ಸಲ್ಲಿ" ಅಂತಾರೆ. ಇದು ಶೋಕಿನಾ? ಎಲ್ಲಿಂದ ಶುರು ಮಾಡ್ಲಿ?
ಹೆಸರು ಬೇಡ, ವಿಜಯನಗರ

ಉತ್ತರ: ಮೊದಲು ಅತ್ತೆ ವಿಷಯ ಮುಗಿಸೋಣ. ನನಗೆ ಎಡಗಡೆಯಿಂದ 640 ಗ್ರಾಂ, ಬಲಗಡೆಯಿಂದ 590 ಗ್ರಾಂ ತೆಗೆದ್ರು, ಡಿಸ್ಚಾರ್ಜ್ ಶೀಟಲ್ಲಿ ಬರೆದಿದೆ. ಎರಡೂ ಸೇರಿ ಒಂದೂಕಾಲು ಕೆಜಿ ಹತ್ರ. ಅಷ್ಟೇನಾ ಅಂತ ನಮ್ಮನೇಲೂ ಅಂದ್ರು. ಆಗ ನಮ್ಮಕ್ಕ ಏನ್ ಮಾಡಿದ್ಲು ಗೊತ್ತಾ, ಒಂದು ಕೆಜಿ ಸಕ್ಕರೆ ಪ್ಯಾಕೆಟ್ಟನ್ನ ಬಟ್ಟೆ ಚೀಲಕ್ಕೆ ಹಾಕಿ ನಮ್ಮ ಭಾವನ ಕತ್ತಿಗೆ ನೇತು ಹಾಕಿ "ಇದನ್ನ ಹಾಕ್ಕೊಂಡೇ ಪೇಪರ್ ಓದಿ, ಹಾಗೇ ಹೋಗಿ ಹಾಲು ತನ್ನಿ" ಅಂದ್ಲು. ನಂದಿನಿ ಬೂತ್ ತನಕಾನೂ ಹೋಗ್ಲಿಲ್ಲ ಪುಣ್ಯಾತ್ಮ, ಗೇಟ್ ಹತ್ರಾನೇ ತೆಗೆದಿಟ್ರು. ನಿಮ್ಮ ಅತ್ತೆಗೆ ಚೀಲ ನೇತು ಹಾಕಿ ಅಂತಿಲ್ಲ ಕಣಮ್ಮ, ಆದ್ರೆ ಅವರ ಹತ್ರ ತೂಕದ ಲೆಕ್ಕದಲ್ಲಿ ಮಾತಾಡಿ, ಅಂದಚೆಂದದ ಮಾತಿಗೇ ಹೋಗ್ಬೇಡಿ. ಮೊಣಕಾಲು ಸವೆದು ಹೋದ್ರೆ ಬದಲಾಯಿಸ್ತಾರೆ, ಅದಕ್ಕೆ ಯಾರೂ ದೇವರನ್ನ ಮಧ್ಯ ತರಲ್ಲ.

ಬೆಂದು ಹೋಗೋದು ಅಂದ್ರಲ್ಲ, ಅದು ನನಗೂ ಗೊತ್ತು. ಏಪ್ರಿಲ್ ಮೇನಲ್ಲಿ ನಮ್ಮ ಮನೆಯವರ ದೊಡ್ಡ ಕರ್ಚೀಫುಗಳನ್ನ ಮಡಚಿ ಎದೆ ಕೆಳಗೆ ಇಟ್ಕೊಂಡು ಡ್ಯೂಟಿ ಮಾಡ್ತಿದ್ದೆ, ಎರಡು ಗಂಟೆಗೊಂದು ಸಲ ಬಾತ್‌ರೂಮಿಗೆ ಹೋಗಿ ಬದಲಾಯಿಸ್ಕೊಂಡು ಬರೋದು, ಸಂಜೆ ಮನೆಗೆ ಬಂದ್ರೆ ಬ್ಯಾಗಲ್ಲಿ ಆರು ಒದ್ದೆ ಕರ್ಚೀಫು. ಬೆವರು ನಿಂತು ಚರ್ಮಕ್ಕೆ ಚರ್ಮ ಉಜ್ಜಿ ಅಲ್ಲಿ ಫಂಗಸ್ ಬೆಳೆಯುತ್ತೆ. ಇದಕ್ಕೆ ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ: ಮೆಡಿಕಲ್ ಶಾಪಲ್ಲಿ ತುರಿಕೆಗೆ ಅಂತ ಕೇಳಿದ ತಕ್ಷಣ ಕೊಡ್ತಾರಲ್ಲ, ಸ್ಟೀರಾಯ್ಡ್ ಬೆರೆತಿರೋ ಕ್ರೀಮು, ಅದನ್ನ ಹಚ್ಚಬೇಡಿ. ಎರಡು ದಿನ ಸ್ವರ್ಗ ಅನ್ಸುತ್ತೆ, ಆಮೇಲೆ ಫಂಗಸ್ ಇನ್ನೂ ಹಬ್ಬುತ್ತೆ, ಚರ್ಮ ತೆಳ್ಳಗಾಗುತ್ತೆ. ಸ್ಕಿನ್ ಡಾಕ್ಟರಿಗೆ ತೋರಿಸಿ. ಹಾಗೆ ತೋರಿಸಿದ ಚೀಟಿಗಳನ್ನ ಫೈಲ್ ಮಾಡಿ ಇಟ್ಕೊಳ್ಳಿ, ಯಾಕೆ ಅಂತ ಮುಂದಿನ ಪ್ರಶ್ನೇಲಿ ಹೇಳ್ತೀನಿ.

ಆಪರೇಷನ್ನಿಗೆ ಮುಂಚೆ ಎರಡು ಕೆಲಸ ಮಾಡಿ ನೋಡಿ. ಒಂದು ಬ್ರಾ ಅಳತೆ. ಭಾರ ಹೊರಬೇಕಾಗಿರೋದು ಎದೆ ಸುತ್ತ ಇರೋ ಪಟ್ಟಿ, ಹೆಗಲ ಪಟ್ಟಿ ಅಲ್ಲ. ನಾವು ಮಾಡೋದೇನು, ಸುತ್ತಳತೆ ಸಡಿಲ ತಗೊಂಡು ಹೆಗಲ ಪಟ್ಟಿನ ಎಳೆದೆಳೆದು ಬಿಗಿ ಮಾಡ್ತೀವಿ, ಗುಳಿ ಬೀಳದೆ ಇನ್ನೇನಾಗುತ್ತೆ. ಎರಡನೇದು ಒಂದೆರಡು ತಿಂಗಳು ಫಿಸಿಯೋಥೆರಪಿ. ಇವೆರಡರಿಂದ ಕೆಲವರಿಗೆ ಸಾಕಷ್ಟು ಆರಾಮಾಗುತ್ತೆ. ತೂಕ ಇಳಿಸಿ ಅಂತ ಎಲ್ಲರೂ ಹೇಳ್ತಾರೆ, ಕೊಬ್ಬು ಜಾಸ್ತಿ ಇರೋರಿಗೆ ಸ್ವಲ್ಪ ಕಮ್ಮಿ ಆಗಬಹುದು, ಆದ್ರೆ ಎದೇಲಿ ಗ್ರಂಥಿ ಭಾಗವೇ ಜಾಸ್ತಿ ಇರೋರು ಎಷ್ಟು ಸಣ್ಣಗಾದ್ರೂ ಎದೆ ಅಲ್ಲೇ ಇರುತ್ತೆ. ನಾನು ಒಂಬತ್ತು ಕೆಜಿ ಇಳಿದಿದ್ದೆ, ಬ್ಲೌಸ್ ಅರ್ಧ ಇಂಚೂ ಸಡಿಲ ಆಗ್ಲಿಲ್ಲ.

ಅದಾದ್ಮೇಲೂ ಬೇಕು ಅನ್ಸಿದ್ರೆ ಪ್ಲಾಸ್ಟಿಕ್ ಸರ್ಜನ್ ಹತ್ರ ಹೋಗಿ. ಪ್ಲಾಸ್ಟಿಕ್ ಸರ್ಜನ್ ಅಂದ್ರೆ ಎಂಬಿಬಿಎಸ್, ಎಂಎಸ್ ಆದ್ಮೇಲೆ ಪ್ಲಾಸ್ಟಿಕ್ ಸರ್ಜರೀಲಿ ಎಂಸಿಎಚ್ ಅಥವಾ ಡಿಎನ್‌ಬಿ ಮಾಡಿರೋರು. ಬೆಂಗಳೂರಲ್ಲಿ ರಸ್ತೆಗೊಂದು ಗಾಜಿನ ಬಾಗಿಲಿನ ಕಾಸ್ಮೆಟಿಕ್ ಕ್ಲಿನಿಕ್ ಇದೆ, ಒಳಗೆ ಕೂದಲು, ಚರ್ಮ, ಎದೆ ಎಲ್ಲಾ ಒಂದೇ ಕಡೆ. ಹೆಸರು ಕೇಳಿ ಕರ್ನಾಟಕ ಮೆಡಿಕಲ್ ಕೌನ್ಸಿಲಲ್ಲಿ ನೋಂದಣಿ ಇದೆಯಾ, ಡಿಗ್ರಿ ಯಾವುದು ಅಂತ ನೋಡಿ, ಕೇಳೋದಕ್ಕೆ ನಾಚಿಕೆ ಪಡಬೇಡಿ. ಖಾಸಗಿ ಖರ್ಚು ಆಗಲ್ಲ ಅಂದ್ರೆ ವಿಕ್ಟೋರಿಯಾ ಆಸ್ಪತ್ರೇಲಿ ಪ್ಲಾಸ್ಟಿಕ್ ಸರ್ಜರಿ ವಿಭಾಗ ಇದೆ, ಸೇಂಟ್ ಜಾನ್ಸಲ್ಲೂ ಇದೆ, ಓಪಿಡಿ ಚೀಟಿ ಮಾಡಿಸಿ ವಿಚಾರಿಸ್ಕೊಂಡು ಬರೋದಕ್ಕೆ ಏನೂ ತೊಂದ್ರೆ ಇಲ್ಲ. ನಿಮಗೆ 40 ದಾಟಿರೋದ್ರಿಂದ ಮೊದಲು ಮ್ಯಾಮೋಗ್ರಾಮ್, ಅಂದ್ರೆ ಸ್ತನದ ಎಕ್ಸ್‌ರೇ, ಬರೆದುಕೊಡ್ತಾರೆ, ಮಾಡಿಸಿ. ಶುಗರ್, ಬಿಪಿ, ರಕ್ತ ತೆಳು ಮಾಡೋ ಮಾತ್ರೆ, ಗರ್ಭನಿರೋಧಕ ಮಾತ್ರೆ, ಊರಿಂದ ತರಿಸಿ ತಿನ್ನೋ ಲೇಹ್ಯ, ಒಂದನ್ನೂ ಮುಚ್ಚಿಡದೆ ಹೇಳಿ.

ಏನ್ ಮಾಡ್ತಾರೆ ಅಂತ ತುಂಬಾ ಜನ ಕೇಳಿದ್ದೀರ. ಬ್ಲೌಸ್ ಹೊಲಿಯೋರಿಗೆ ಬೇಗ ಅರ್ಥ ಆಗುತ್ತೆ, ಇದು ಡಾರ್ಟ್ ಹಿಡಿಯೋ ಕೆಲಸ. ಆಪರೇಷನ್ ಬೆಳಗ್ಗೆ ನಿಮ್ಮನ್ನ ನಿಲ್ಲಿಸಿ ಅಥವಾ ಕೂರಿಸಿ, ಟೇಪ್ ಇಟ್ಟು ಪೆನ್ನಲ್ಲಿ ಗೆರೆ ಎಳೀತಾರೆ, ಮಲಗಿದ್ರೆ ಎದೆ ಪಕ್ಕಕ್ಕೆ ಜಾರುತ್ತಲ್ಲ, ಅದಕ್ಕೆ. 1956ರಲ್ಲಿ ರಾಬರ್ಟ್ ವೈಸ್ ಅನ್ನೋ ಸರ್ಜನ್ ಬ್ರಾ ಕತ್ತರಿಸೋ ಮಾದರಿ ನೋಡ್ಕೊಂಡೇ ಈ ಗೆರೆಗಳ ಲೆಕ್ಕ ಮಾಡಿದ್ದು, ಇವತ್ತಿಗೂ ಅದಕ್ಕೆ ವೈಸ್ ಪ್ಯಾಟರ್ನ್ ಅಂತಾನೇ ಹೆಸರು. ಜನರಲ್ ಅನಸ್ತೇಷಿಯಾ ಕೊಟ್ಟು ಎರಡರಿಂದ ನಾಲ್ಕು ಗಂಟೆ ಕೆಲಸ. ಹೆಚ್ಚಿನ ಗ್ರಂಥಿ, ಕೊಬ್ಬು, ಚರ್ಮ ತೆಗೆದು ಉಳಿದಿದ್ದನ್ನ ಮೇಲಕ್ಕೆ ಎತ್ತಿ ಹೊಲೀತಾರೆ. ತೊಟ್ಟನ್ನ ಸಾಮಾನ್ಯವಾಗಿ ಕಿತ್ತು ಬೇರೆ ಕಡೆ ಇಡಲ್ಲ, ರಕ್ತನಾಳ ನರ ಇರೋ ಬುಡದ ಸಮೇತ ಮೇಲಕ್ಕೆ ಸರಿಸ್ತಾರೆ. ತುಂಬಾ ತುಂಬಾ ದೊಡ್ಡದಿದ್ದಾಗ ಮಾತ್ರ ಬಿಡಿಸಿ ಕಸಿ ಮಾಡ್ಬೇಕಾಗಬಹುದು, ಹಾಗಾದ್ರೆ ಅಲ್ಲಿ ಸ್ಪರ್ಶ ಹೋಗುತ್ತೆ, ಹಾಲೂ ಬರಲ್ಲ. ಕಲೆ ಉಳಿಯುತ್ತೆ, ಅದನ್ನ ಮುಚ್ಚಿಡಲ್ಲ. ತೊಟ್ಟಿನ ಸುತ್ತ ಒಂದು, ಅಲ್ಲಿಂದ ಕೆಳಕ್ಕೆ ಒಂದು, ಎದೆ ಕೆಳಗಿನ ಮಡಿಕೆ ಉದ್ದಕ್ಕೂ ಒಂದು, ಹಡಗಿನ ಲಂಗರು ಇದ್ದ ಹಾಗೆ. ಸ್ವಲ್ಪ ಕಮ್ಮಿ ತೆಗೆಯೋದಿದ್ರೆ ಮಡಿಕೆದು ಬರದೇ ಇರಬಹುದು. ಮೊದಲ ಆರು ತಿಂಗಳು ಕೆಂಪಗೆ ದಪ್ಪಗೆ ಇರುತ್ತೆ, ಒಂದು ವರ್ಷ ದಾಟಿದ್ಮೇಲೆ ಮಾಸುತ್ತೆ. ಕೆಲವರ ಮೈ ಗುಣಕ್ಕೆ ಕಲೆ ಉಬ್ಬಿ ಕೆಲಾಯ್ಡ್ ಆಗುತ್ತೆ, ಕಿವಿ ಚುಚ್ಚಿಸಿದಾಗ ಗಂಟು ಬಂದಿತ್ತಾ ನೆನಪು ಮಾಡ್ಕೊಂಡು ಡಾಕ್ಟರಿಗೆ ಹೇಳಿ.

ಇನ್ನೊಂದು. ಕಾಲೇಜಿಗೆ ಯಾವಾಗ ಹೋಗಬಹುದು ಅಂತ ಲೆಕ್ಕ ಹಾಕೋವಾಗ ಎರಡು ವಾರ ಅಂತ ಹಾಕ್ಬೇಡಿ. ಕೂತು ಮಾಡೋ ಕೆಲಸದವರು ಒಂದೆರಡು ವಾರಕ್ಕೆ ಹೋಗ್ತಾರೆ. ನೀವು ಬೋರ್ಡ್ ಮೇಲೆ ಕೈ ಎತ್ತಿ ಬರೆಯೋರು. ದಸರಾ ರಜಾನೋ ಬೇಸಿಗೆ ರಜಾನೋ ನೋಡ್ಕೊಳ್ಳಿ, ದಸರಾದೇ ವಾಸಿ, ಆಪರೇಷನ್ ಆದ್ಮೇಲೆ ಕೊಡೋ ಬಿಗಿ ಬ್ರಾ ಬೇಸಿಗೇಲಿ ಹಗಲೂ ರಾತ್ರಿ ಹಾಕ್ಕೊಂಡಿರೋದು ಬೆಂಗಳೂರಲ್ಲೂ ಈಗ ಸುಲಭ ಅಲ್ಲ.

ಪ್ರಶ್ನೆ: ಇನ್ಶೂರೆನ್ಸ್‌ನೋರು ಕಾಸ್ಮೆಟಿಕ್ ಅಂತ ಒಂದೇ ಮಾತಲ್ಲಿ ಇಲ್ಲ ಅಂದ್ಬಿಟ್ರು. ಏನಾದ್ರೂ ದಾರಿ ಇದೆಯಾ ಮೇಡಂ?
ಯಲಹಂಕ ನ್ಯೂಟೌನ್

ಉತ್ತರ: ಇದೆ, ಆದ್ರೆ ಗ್ಯಾರಂಟಿ ಇಲ್ಲ. ನಿಮ್ಮ ಪಾಲಿಸಿ ತೆಗೆದು ಏನೇನು ಕೊಡಲ್ಲ ಅನ್ನೋ ಪಟ್ಟಿಲಿ 8ನೇ ಕೋಡ್ ಓದಿ, ಇನ್ಶೂರೆನ್ಸ್ ಕಂಪನಿಗಳ ಮೇಲೆ ಕಣ್ಣಿಡೋ ಸರ್ಕಾರಿ ಸಂಸ್ಥೆ ಐಆರ್‌ಡಿಎಐ ಎಲ್ಲಾ ಕಂಪನಿಗೂ ಒಂದೇ ಥರ ಬರೆಸಿರೋದು ಅದು. ಕಾಸ್ಮೆಟಿಕ್, ಪ್ಲಾಸ್ಟಿಕ್ ಸರ್ಜರಿಗೆ ಕೊಡಲ್ಲ ಅಂತ ಇದೆ, ಜೊತೆಗೆ ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ಆದ್ಮೇಲೆ ಸರಿಪಡಿಸೋದಾದ್ರೆ ಅಥವಾ ಆರೋಗ್ಯಕ್ಕೆ ನೇರವಾಗಿ ತಕ್ಷಣದ ಅಪಾಯ ತಪ್ಪಿಸೋ ಚಿಕಿತ್ಸೆ ಅಂತ ಡಾಕ್ಟರ್ ಬರೆದುಕೊಟ್ರೆ ಅದು ಬೇರೆ ಅಂತಾನೂ ಇದೆ. ಆ "ನೇರ, ತಕ್ಷಣ" ಅನ್ನೋ ಪದಗಳ ಮೇಲೇನೇ ಜಗಳ ನಡೆಯೋದು. ಅದಕ್ಕೇ ಹೇಳಿದ್ದು ಚೀಟಿ ಇಟ್ಕೊಳ್ಳಿ ಅಂತ: ಆರ್ಥೋ ಡಾಕ್ಟರ್ ಬರೆದಿದ್ದು, ಫಿಸಿಯೋ ಮಾಡಿಸಿದ ರಸೀದಿ, ಚರ್ಮದ ಹುಣ್ಣಿಗೆ ಪದೇ ಪದೇ ತೋರಿಸಿದ್ದು, ಹೆಗಲ ಗುಳಿ ಫೋಟೋ. ಆಪರೇಷನ್ನಿಗೆ ಮುಂಚೇನೇ ಅನುಮತಿ ಕೇಳಿ, ಆಮೇಲೆ ಬಿಲ್ ಹಿಡ್ಕೊಂಡು ಓಡಾಡಬೇಡಿ. ಇಲ್ಲ ಅಂದ್ರೆ ಯಾಕೆ ಅಂತ ಲಿಖಿತದಲ್ಲಿ ತಗೊಂಡು ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೀರಿ, ಒಂದು ತಿಂಗಳಲ್ಲಿ ಉತ್ತರ ಬರದಿದ್ರೆ ಅಥವಾ ಬಂದ ಉತ್ತರ ಸರಿ ಇಲ್ಲ ಅನ್ಸಿದ್ರೆ ಇಂಥ ದೂರು ವಿಚಾರಿಸೋಕೇ ಇರೋ ಇನ್ಶೂರೆನ್ಸ್ ಓಂಬುಡ್ಸ್‌ಮನ್ ಹತ್ರ ಹೋಗಿ, ಜೆ.ಪಿ. ನಗರ ಒಂದನೇ ಫೇಸಿನ ಜೀವನ್ ಸೌಧದಲ್ಲಿ ಆಫೀಸು. ಫೀಸಿಲ್ಲ, ಲಾಯರ್ ಬೇಡ, ಒಂದು ವರ್ಷದ ಒಳಗೆ ಹೋಗ್ಬೇಕು.

ಎಸ್ಟಿಮೇಟ್ ಕೇಳೋವಾಗ ಸರ್ಜನ್ ಫೀಸ್ ಒಂದೇ ಅಲ್ಲ, ಅನಸ್ತೇಷಿಯಾ, ಓಟಿ, ರೂಮು, ಬ್ರಾ, ಲ್ಯಾಬು ಎಲ್ಲಾ ಸೇರಿಸಿ ಬರೆಸ್ಕೊಳ್ಳಿ. ಕಾಸ್ಮೆಟಿಕ್ ಅಂತ ಬಿಲ್ ಮಾಡಿದ್ರೆ ಅದರ ಮೇಲೆ 18% ಜಿಎಸ್‌ಟಿ ಬೇರೆ ಬೀಳುತ್ತೆ, ಬಿಲ್ಲಲ್ಲಿ ಏನಂತ ಬರೀತೀರಾ ಅಂತ ಅಡ್ಮಿಟ್ ಆಗೋಕೆ ಮುಂಚೆ ಕೇಳಿ.

ಪ್ರಶ್ನೆ: ದಿನಕ್ಕೆ ಐದಾರು ಸಿಗರೇಟ್ ಸೇದ್ತೀನಿ, ಮನೇಲಿ ಗೊತ್ತಿಲ್ಲ. ಆಪರೇಷನ್ ಇದೆ ಅಂತ ವೇಪಿಗೆ, ಅದೇ ಇ-ಸಿಗರೇಟಿಗೆ, ಬದಲಾಯಿಸಿದ್ರೆ ನಡೆಯುತ್ತಾ?
ಮಾರತ್‌ಹಳ್ಳಿ

ಉತ್ತರ: ನಡೆಯಲ್ಲ. ತೊಂದ್ರೆ ಕೊಡೋದು ಹೊಗೆ ಒಂದೇ ಅಲ್ಲ, ನಿಕೋಟಿನ್. ಅದು ಸಣ್ಣ ರಕ್ತನಾಳಗಳನ್ನ ಬಿಗಿ ಮಾಡುತ್ತೆ, ಮೇಲಕ್ಕೆ ಸರಿಸಿದ ತೊಟ್ಟು ಉಳಿಯೋದೇ ಆ ಸಣ್ಣ ನಾಳಗಳಿಂದ. ಗಾಯ ಒಣಗಲ್ಲ, ಚರ್ಮ ಕಪ್ಪಾಗುತ್ತೆ, ತೊಟ್ಟೇ ಹೋಗೋ ಅಪಾಯ ಹೆಚ್ಚಾಗುತ್ತೆ. ಕಮ್ಮಿ ಅಂದ್ರೆ ನಾಲ್ಕು ವಾರ ಮುಂಚೆ, ನಾಲ್ಕು ವಾರ ಆಮೇಲೆ ಪೂರ್ತಿ ಬಿಡಿ, ಕೆಲವು ಸರ್ಜನ್‌ಗಳು ಇನ್ನೂ ಜಾಸ್ತಿ ಕೇಳ್ತಾರೆ. ನಿಕೋಟಿನ್ ಚೂಯಿಂಗ್ ಗಮ್ ಬಗ್ಗೇನೂ ಕೇಳಿ. ವೇಪಂತೂ 2019ರಿಂದ ದೇಶದಲ್ಲಿ ಮಾರೋದೇ ನಿಷೇಧ, ನಿಮಗೆ ಎಲ್ಲಿ ಸಿಗ್ತಿದೆ ಅಂತ ನಾನು ಕೇಳಲ್ಲ. ಮನೆಯವರಿಗೆ ಹೇಳೋದು ಬಿಡೋದು ನಿಮ್ಮಿಷ್ಟ, ಅನಸ್ತೇಷಿಯಾ ಡಾಕ್ಟರಿಗೆ ಮಾತ್ರ ಸುಳ್ಳು ಹೇಳ್ಬೇಡಿ ತಾಯಿ.

ಪ್ರಶ್ನೆ: ಆಪರೇಷನ್ ಆಗಿ ಹನ್ನೆರಡು ದಿನ. ಕೆಳಗಡೆ ಹೊಲಿಗೆಗಳು ಸೇರೋ ಜಾಗದಲ್ಲಿ ಕಾಳಿನಷ್ಟು ಬಿಟ್ಕೊಂಡು ನೀರು ನೀರು ಬರ್ತಿದೆ. ಒಂದು ಕಡೆ ಇನ್ನೊಂದಕ್ಕಿಂತ ದೊಡ್ಡದು ಕಾಣುತ್ತೆ. ತೊಟ್ಟಿನ ಹತ್ರ ಮುಟ್ಟಿದ್ರೆ ಗೊತ್ತೇ ಆಗಲ್ಲ, ಒಂದೊಂದು ಸಲ ಕರೆಂಟ್ ಹೊಡೆದ ಹಾಗೆ ಚುಳ್ ಅನ್ನುತ್ತೆ. ಅಮ್ಮ ನಂಜಾಗಿದೆ ಅಂತ ಬರೀ ಅನ್ನ ಮೆಣಸಿನ ಸಾರು ಕೊಡ್ತಿದ್ದಾರೆ. ಕಾರಣ ಇಲ್ದೆ ಅಳು ಬರುತ್ತೆ. ಯಾಕಾದ್ರೂ ಮಾಡಿಸ್ಕೊಂಡೆನೋ ಅನ್ಸುತ್ತೆ.
ಬಾಣಸವಾಡಿ

ಉತ್ತರ: ಈ ಪತ್ರಕ್ಕೆ ಪತ್ರಿಕೆ ಬರೋ ತನಕ ಕಾಯೋಕೆ ಆಗಲ್ಲ ಅಂತ ಇವರಿಗೆ ಅವತ್ತೇ ಉತ್ತರ ಕಳಿಸಿದೀನಿ, ಬೇರೆಯವರಿಗೂ ಬೇಕಾಗುತ್ತೆ ಅಂತ ಇಲ್ಲಿ ಹಾಕ್ತಿದೀನಿ.

ಆ ಹೊಲಿಗೆಗಳು ಸೇರೋ ಜಾಗ ಇದೆಯಲ್ಲ, ಅಲ್ಲಿ ಮೂರು ಕಡೆಯಿಂದ ಎಳೆತ, ರಕ್ತ ಓಡಾಟ ಅಲ್ಲೇ ಎಲ್ಲಕ್ಕಿಂತ ಕಮ್ಮಿ. ಬಿಟ್ಕೊಂಡ್ರೆ ಅಲ್ಲೇ ಬಿಟ್ಕೊಳ್ಳೋದು. ವಾರ್ಡಲ್ಲಿ ಎಷ್ಟು ನೋಡಿದೀನೋ ಲೆಕ್ಕ ಇಲ್ಲ, ನನಗೇ ಎಡಗಡೆ ಒಂದು ಕಡಲೆಕಾಳಿನಷ್ಟು ಬಿಟ್ಕೊಂಡಿತ್ತು, ಡ್ರೆಸ್ಸಿಂಗ್ ಮಾಡಿಸ್ತಾ ಮಾಡಿಸ್ತಾ ಐದು ವಾರಕ್ಕೆ ತಾನಾಗೇ ಕೂಡ್ಕೊಂತು. ಸರ್ಜನ್‌ಗೆ ತೋರಿಸಿ, ಮನೇಲಿ ಅರಿಶಿನ, ಕೊಬ್ಬರಿ ಎಣ್ಣೆ, ಪೌಡರ್ ಒಂದನ್ನೂ ಹಾಕ್ಬೇಡಿ. ಎರಡು ಕಡೆ ಹೆಚ್ಚುಕಮ್ಮಿ ಕಾಣೋದು ಈಗ ಊತದಿಂದ, ಮಲಗೋ ಭಂಗಿಯಿಂದಾನೂ ಆಗುತ್ತೆ, ಮೂರರಿಂದ ಆರು ತಿಂಗಳು ಹೋಗ್ಲಿ ಆಮೇಲೆ ಕನ್ನಡಿ ಮುಂದೆ ನಿಂತ್ಕೊಳ್ಳಿ. ಆಪರೇಷನ್ನಿಗೆ ಮುಂಚೇನೂ ಎರಡು ಒಂದೇ ಸಮ ಇರ್ಲಿಲ್ಲ, ಆಗ ನಾವು ಅಳತೆ ಹಿಡಿದು ನೋಡ್ತಿರಲಿಲ್ಲ ಅಷ್ಟೇ. ಚುಳ್ ಅನ್ನೋದು ನರ ಎಚ್ಚರ ಆಗ್ತಿರೋದು. ಮರಗಟ್ಟಿರೋದು ಎಷ್ಟೋ ಜನಕ್ಕೆ ವಾರಗಳಲ್ಲಿ ತಿಂಗಳುಗಳಲ್ಲಿ ವಾಪಸ್ ಬರುತ್ತೆ, ಕೆಲವರಿಗೆ ಅರ್ಧಂಬರ್ಧ ಬರುತ್ತೆ, ಬರದೇ ಇರೋರೂ ಇದ್ದಾರೆ.

ತಕ್ಷಣ ಆಸ್ಪತ್ರೆಗೆ ಓಡಬೇಕಾಗಿರೋದು ಯಾವಾಗ ಅಂದ್ರೆ, ಒಂದು ಕಡೆ ಇದ್ದಕ್ಕಿದ್ದ ಹಾಗೆ ಊದಿ ಕಲ್ಲಿನ ಹಾಗೆ ಬಿಗಿಯಾಗಿ ನೋವು ಜಾಸ್ತಿ ಆದ್ರೆ, ಒಳಗೆ ರಕ್ತ ಕಟ್ಕೊಳ್ಳೋದು ಹೀಗೇ, ಬಹಳ ಸಲ ಮೊದಲ ಒಂದು ದಿನದಲ್ಲೇ ಆಗುತ್ತೆ. ಜ್ವರ 100.4 ಡಿಗ್ರಿ ದಾಟಿದ್ರೆ, ಗಾಯದ ಸುತ್ತ ಕೆಂಪು ಹರಡ್ತಾ ಹೋದ್ರೆ, ಕೀವು, ವಾಸನೆ ಬಂದ್ರೆ. ತೊಟ್ಟು ನೀಲಿ ಅಥವಾ ಕಪ್ಪು ತಿರುಗಿದ್ರೆ. ಮೀನಖಂಡ ಒಂದೇ ಕಾಲಲ್ಲಿ ಊದಿ ನೋವಾದ್ರೆ, ಉಸಿರು ಕಟ್ಟಿದ್ರೆ. ಇವುಗಳಲ್ಲಿ ಯಾವುದಕ್ಕೂ ನಾಳೆ ಓಪಿಡಿ ಇದೆ ಅಂತ ಕಾಯ್ಬೇಡಿ, ರಾತ್ರಿ ಎರಡು ಗಂಟೆ ಆದ್ರೂ ಹೋಗಿ.

ಅಮ್ಮನ ನಂಜಿನ ಲೆಕ್ಕ. ಬದನೆಕಾಯಿ ನಂಜು, ಆಲೂಗಡ್ಡೆ ವಾಯು, ಮೊಸರು ಶೀತ, ನೀರು ಜಾಸ್ತಿ ಕುಡಿದ್ರೆ ಹೊಟ್ಟೆ ದಪ್ಪ, ಬಾಣಂತಿ ಪಥ್ಯ ಎಲ್ಲಾ ತಂದು ನಿಮ್ಮ ತಟ್ಟೆಗೆ ಹಾಕಿದ್ದಾರೆ ಪಾಪ. ಗಾಯ ಕೂಡೋಕೆ ಬೇಕಾಗಿರೋದು ಪ್ರೋಟೀನು. ಬೇಳೆ, ಮೊಳಕೆ ಕಾಳು, ಮೊಸರು, ತಿನ್ನೋರಾದ್ರೆ ಮೊಟ್ಟೆ ಮೀನು, ಸೊಪ್ಪಿನ ಸಾರು, ರಾಗಿ ಮುದ್ದೆ. ಕೆಲವು ನೋವಿನ ಮಾತ್ರೆಗೆ ಮಲಬದ್ಧತೆ ಆಗುತ್ತೆ, ಮುಕ್ಕಿದ್ರೆ ಎದೆಗೆ ಹೊಲಿಗೆಗೆ ಎಲ್ಲಾ ಎಳೆಯುತ್ತೆ, ಅದಕ್ಕೆ ನೀರು ಚೆನ್ನಾಗಿ ಕುಡಿದು ಬಾಳೆಹಣ್ಣು, ಪಪ್ಪಾಯಿ ತಿನ್ನಿ. ಅಮ್ಮನ ಮಾತು ತೆಗೆದುಹಾಕೋಕೆ ಆಗಲ್ಲ ಅಂದ್ರೆ ಮೆಣಸಿನ ಸಾರು ಕುಡೀರಿ, ಅದರ ಜೊತೆ ಎರಡು ಮೊಟ್ಟೇನೂ ತಿನ್ನಿ.

ಅಳು ಬಗ್ಗೆ ಆಸ್ಪತ್ರೇಲಿ ಯಾರೂ ಹೇಳಿ ಕಳಿಸಲ್ಲ. ನನಗೆ ಐದನೇ ದಿನ ಬಂತು, ಟಿವೀಲಿ ಯಾವುದೋ ಅಡುಗೆ ಕಾರ್ಯಕ್ರಮ ನೋಡ್ತಾ ಬಿಕ್ಕಿ ಬಿಕ್ಕಿ ಅತ್ತೆ. ಅನಸ್ತೇಷಿಯಾ, ನಿದ್ದೆ ಇಲ್ಲ, ನೋವು, ಕನ್ನಡೀಲಿ ಕಾಣೋದು ಚೌಕ ಚೌಕವಾಗಿ ಊದಿ ಬಣ್ಣಗೆಟ್ಟ ಎದೆ, ಅಳು ಬರದೆ ಏನು ಬರುತ್ತೆ. ಬಹಳ ಜನಕ್ಕೆ ಮೂರು ನಾಲ್ಕು ವಾರದ ಹೊತ್ತಿಗೆ ಇದು ಹೋಗುತ್ತೆ. ಹೋಗ್ಲಿಲ್ಲ, ಏಳೋಕೇ ಮನಸ್ಸಿಲ್ಲ ಅಂತಾದ್ರೆ ಡಾಕ್ಟರಿಗೆ ಅದನ್ನೂ ಗಾಯದ ಹಾಗೇ ಹೇಳಿ.

ಪ್ರಶ್ನೆ: ನನ್ನ ಹೆಂಡತಿಗೆ ಮುಂದಿನ ತಿಂಗಳು ಆಪರೇಷನ್. ಮೂರನೇ ಫ್ಲೋರ್ ಮನೆ, ಲಿಫ್ಟಿಲ್ಲ, ಎರಡೂವರೆ ವರ್ಷದ ಮಗ ಇದ್ದಾನೆ. ನಾನು ಏನೇನು ತಯಾರಿ ಮಾಡ್ಕೋಬೇಕು?
ಕೆಂಗೇರಿ ಉಪನಗರ

ಉತ್ತರ: ಬಂದ ಅಷ್ಟೂ ಪತ್ರದಲ್ಲಿ ಗಂಡಸು ಬರೆದಿದ್ದು ಇದೊಂದೇ. ಅದಕ್ಕೆ ಜಾಗ ಜಾಸ್ತಿ ಕೊಡ್ತೀನಿ ತಮ್ಮಾ. ಸರ್ಜನ್ ಕೆಲಸ ಮೂರು ಗಂಟೇಲಿ ಮುಗಿಯುತ್ತೆ, ಆಮೇಲಿನ ಆರು ವಾರ ನಿಮ್ಮದು. ವಾರ್ಡಲ್ಲಿ ಚೆನ್ನಾಗಿದ್ದ ಗಾಯ ಮನೆಗೆ ಹೋಗಿ ಬಿಟ್ಕೊಂಡು ವಾಪಸ್ ಬಂದಿದ್ದನ್ನ ನಾನು ನೋಡಿದೀನಿ, ಕೇಳಿದ್ರೆ "ಏನಿಲ್ಲ ಸಿಸ್ಟರ್, ಬಟ್ಟೆ ಹಿಂಡಿ ತಂತಿ ಮೇಲೆ ಹಾಕ್ದೆ ಅಷ್ಟೇ" ಅಂತಾರೆ.

ಮೊದಲ ಕೆಲವು ವಾರ ಎರಡು ಮೂರು ಕೆಜಿಗಿಂತ ಜಾಸ್ತಿ ಎತ್ತಬಾರದು, ಮೊಣಕೈ ಹೆಗಲಿಗಿಂತ ಮೇಲೆ ಹೋಗಬಾರದು. ಇವೆರಡನ್ನ ತಲೇಲಿ ಇಟ್ಕೊಂಡು ಒಂದು ಸಲ ನಿಮ್ಮ ಅಡುಗೆಮನೇಲಿ ನಿಂತು ನೋಡಿ. ಐದು ಲೀಟರ್ ಕುಕ್ಕರ್ ಅನ್ನ ಸಮೇತ ಎಷ್ಟು ತೂಕ? ಸಾಂಬಾರ್ ಪುಡಿ ಡಬ್ಬ ಯಾವ ಶೆಲ್ಫಲ್ಲಿದೆ? ಕುಡಿಯೋ ನೀರಿನ ಕ್ಯಾನ್ 20 ಲೀಟರ್, ಅಂದ್ರೆ 20 ಕೆಜಿ, ಅದನ್ನ ಬಗ್ಗಿಸಿ ಡಿಸ್ಪೆನ್ಸರ್ ಮೇಲೆ ಮಗುಚೋರು ಯಾರು? ದೋಸೆ ಹಿಟ್ಟಿನ ಪಾತ್ರೆ, ಗ್ಯಾಸ್ ಸಿಲಿಂಡರ್, ತುಂಬಿದ ಬಕೆಟ್ಟು, ಬಾಗಿಲ ಮೇಲಿನ ಚಿಲಕ. ದಿನಾ ಬೇಕಾಗೋ ಸಾಮಾನೆಲ್ಲಾ ಆಪರೇಷನ್ನಿಗೆ ಹಿಂದಿನ ವಾರಾನೇ ಸೊಂಟದ ಎತ್ತರಕ್ಕೆ ಇಳಿಸಿ. ಸ್ನಾನಕ್ಕೆ ಸ್ಟೂಲ್ ಹಾಕಿ, ಮೊದಲ ಸ್ನಾನ ಯಾವಾಗ ಅಂತ ಡಾಕ್ಟರನ್ನ ಕೇಳಿ. ತಲೆಗೆ ನೀರು ಹಾಕೋದು, ಜಡೆ ಹಾಕೋದು ಅವರಿಂದ ಆಗಲ್ಲ. ಜಡೆ ಹಾಕೋದು ಕಲೀರಿ. ನಗಬೇಡಿ, ನಮ್ಮ ಮನೆಯವರು ಐವತ್ತನೇ ವಯಸ್ಸಲ್ಲಿ ಕಲಿತ್ರು, ಮೊದಲ ವಾರದ ಜಡೆ ತೆಂಗಿನ ನಾರಿನ ಹಗ್ಗದ ಥರ ಇತ್ತು, ಮೂರನೇ ವಾರಕ್ಕೆ ಪಕ್ಕದ ಮನೆಯೋರು "ಯಾರು ಹಾಕಿದ್ದು" ಅಂತ ಕೇಳಿದ್ರು.

ಮಗ. ಎರಡೂವರೆ ವರ್ಷ ಅಂದ್ರೆ ಹನ್ನೆರಡು ಹದಿಮೂರು ಕೆಜಿ ಇರ್ತಾನೆ, ಅಮ್ಮನ್ನ ಕಂಡ್ರೆ ಓಡಿ ಬಂದು ಎದೆಗೇ ಗುದ್ದುತ್ತಾನೆ. ಎತ್ಕೋಬಾರದು, ಅದು ಅವರಿಗೆ ಗಾಯಕ್ಕಿಂತ ಜಾಸ್ತಿ ನೋವು ಕೊಡುತ್ತೆ. ಅವರು ಸೋಫಾ ಮೇಲೆ ಕೂತ್ಕೊಂಡು ಎದೆ ಮುಂದೆ ದಿಂಬು ಇಟ್ಕೊಳ್ಳಲಿ, ಮಗನೇ ಹತ್ತಿ ಪಕ್ಕದಲ್ಲಿ ಕೂರಲಿ. ಆಪರೇಷನ್ನಿಗೆ ಮುಂಚೆ ಒಂದು ವಾರದಿಂದಾನೇ ಅಭ್ಯಾಸ ಮಾಡಿಸಿ. ರಾತ್ರಿ ಅವನು ನಿಮ್ಮ ಪಕ್ಕ, ಅವರು ಬೇರೆ ಮಂಚ, ಬೆನ್ನ ಹಿಂದೆ ಮೂರು ದಿಂಬು, ಎರಡು ತೋಳಿನ ಕೆಳಗೂ ಒಂದೊಂದು. ಅಂಗಾತ ಮಲಗಬೇಕು, ಮಗ್ಗುಲು ಬೇಡ, ಬೋರಲು ಅಂತೂ ಬೇಡವೇ ಬೇಡ.

ಬಟ್ಟೆ ಮುಂದೆ ಬಟನ್ ಇರೋದು, ತಲೆ ಮೇಲಿಂದ ಹಾಕೋದು ಯಾವುದೂ ಆಗಲ್ಲ. ಸರ್ಜಿಕಲ್ ಬ್ರಾ ಆಸ್ಪತ್ರೇಲೇ ಕೊಡ್ತಾರೆ, ಅದು ಹಗಲೂ ರಾತ್ರಿ ಸುಮಾರು ಆರು ವಾರ, ಒಗೆದು ಹಾಕೋಕೆ ಇನ್ನೊಂದು ಬೇಕು, ಮುಂದೆ ಹುಕ್ಕು ಅಥವಾ ಜಿಪ್ ಇರೋದು, ಒಳಗೆ ತಂತಿ ಇರಬಾರದು. ಡ್ರೈನ್, ಅಂದ್ರೆ ಗಾಯದೊಳಗಿನ ನೀರು ಹೊರಗೆ ಬರೋಕೆ ತುದೀಲಿ ಬಲ್ಬ್ ಇರೋ ಸಣ್ಣ ಟ್ಯೂಬು, ಇಟ್ಟು ಕಳಿಸಿದ್ರೆ, ಕೆಲವರು ಇಡ್ತಾರೆ ಕೆಲವರು ಇಡಲ್ಲ, ಆ ಬಲ್ಬಲ್ಲಿ ಎಷ್ಟು ಎಂಎಲ್ ಬಂತು, ಬಣ್ಣ ಏನು ಅಂತ ಹೊತ್ತು ಹಾಕಿ ಬರೆದಿಡಿ. ಸಾಮಾನ್ಯವಾಗಿ ಒಂದೆರಡು ದಿನಕ್ಕೆ ತೆಗೀತಾರೆ.

ಮನೆಗೆ ಕರ್ಕೊಂಡು ಬರೋ ದಿನ ಆಟೋ ಬೇಡ, ಕಾರ್ ಮಾಡಿ. ಮೈಸೂರು ರಸ್ತೆ ಹಂಪು ಗುಂಡಿ ನಿಮಗೆ ಗೊತ್ತೇ ಇದೆ, ಸೀಟ್ ಬೆಲ್ಟ್ ಕೆಳಗೆ ಒಂದು ಪುಟ್ಟ ದಿಂಬು ಇಡಿ, ಹಂಪ್ ಬಂದಾಗ ಅವರು ಎರಡು ಕೈಲಿ ದಿಂಬನ್ನ ಎದೆಗೆ ಒತ್ತಿ ಹಿಡ್ಕೊಳ್ಳಲಿ. ಮೆಟ್ಟಿಲು ಹತ್ತೋಕೆ ಭಯ ಬೇಡ, ಕಾಲಿಗೆ ಏನೂ ಆಗಿಲ್ಲ, ನಿಧಾನಕ್ಕೆ ಹತ್ತಲಿ, ಕಂಬಿ ಹಿಡಿದು ಎಳ್ಕೊಂಡು ಹತ್ತೋದು ಮಾತ್ರ ಬೇಡ. ಅವತ್ತಿಂದಾನೇ ಮನೆ ಒಳಗೆ ಓಡಾಡಬೇಕು, ಮಲಗೇ ಇದ್ರೆ ಕಾಲಲ್ಲಿ ರಕ್ತ ಹೆಪ್ಪುಗಟ್ಟೋ ಭಯ. ಸ್ಕೂಟರಲ್ಲಿ ಹಿಂದೆ ಕೂರೋದು ಡಾಕ್ಟರ್ ಸರಿ ಅನ್ನೋ ತನಕ ಇಲ್ಲ.

ಇನ್ನೊಂದು ಗುಟ್ಟು, ಮೊದಲ ವಾರ ಅವರನ್ನ ನಗಿಸಬೇಡಿ. ನಕ್ಕರೆ, ಕೆಮ್ಮಿದ್ರೆ, ಸೀನಿದ್ರೆ ನೋವು. ನೋಡೋಕೆ ಬರೋ ನೆಂಟರಿಗೆ ಏನು ಆಪರೇಷನ್ ಅಂತ ಹೇಳ್ಬೇಕು ಅನ್ನೋದನ್ನ ಅವರನ್ನೇ ಕೇಳಿ, ಅವರು ಹೇಳಿದ್ದನ್ನೇ ನೀವೂ ಹೇಳಿ. ನಮ್ಮನೇಲಿ ನಾನು ಗಂಟು ಅಂದೆ, ಅವರು ಹರ್ನಿಯಾ ಅಂದ್ರು, ನಮ್ಮ ಚಿಕ್ಕಮ್ಮನಿಗೆ ಇವತ್ತಿಗೂ ಅನುಮಾನ.

ಪ್ರಶ್ನೆ: ಮಗಳಿಗೆ 15. ಕ್ಲಾಸಲ್ಲಿ ಹುಡುಗರು ಆಡ್ಕೋತಾರೆ ಅಂತ ಪಿಟಿ ಪೀರಿಯಡ್ಡಿಗೆ ಹೊಟ್ಟೆನೋವು ಅಂತಾಳೆ, ಗೂನು ಬೆನ್ನು ಮಾಡ್ಕೊಂಡು ನಡೀತಾಳೆ. ಈಗಲೇ ಮಾಡಿಸಬಹುದಾ?
ಪೀಣ್ಯ ಎರಡನೇ ಹಂತ

ಉತ್ತರ: ಸಾಮಾನ್ಯವಾಗಿ ಬೆಳವಣಿಗೆ ನಿಲ್ಲೋ ತನಕ ಕಾಯ್ತಾರೆ, 18 ಆದ್ಮೇಲೆ ಅಂತ ಇಟ್ಕೊಳ್ಳಿ, ಈಗಲೇ ಮಾಡಿಸಿದ್ರೆ ಮತ್ತೆ ಬೆಳೆದು ಇನ್ನೊಂದು ಸಲ ಮಾಡಿಸ್ಬೇಕಾಗಬಹುದು. ಆದ್ರೆ ಕೆಲವೇ ತಿಂಗಳಲ್ಲಿ ವಿಪರೀತ ಬೆಳೆದಿದ್ರೆ ಅದೊಂದು ಬೇರೆ ತೊಂದರೆ, ಹಾರ್ಮೋನಿಗೆ ಅಂಗಾಂಶ ಅತಿಯಾಗಿ ಸ್ಪಂದಿಸೋದು, ತಡ ಮಾಡದೆ ತೋರಿಸಿ. ಈಗ ಮಾಡಬೇಕಾಗಿರೋದು ಒಳ್ಳೆ ಅಳತೆಯ ಸ್ಪೋರ್ಟ್ಸ್ ಬ್ರಾ ಎರಡು, ಬೆನ್ನಿಗೆ ವ್ಯಾಯಾಮ. ಮತ್ತೆ ಪಿಟಿ ಟೀಚರ್ ಹತ್ರ ನೀವು ಹೋಗಿ ಮಾತಾಡಿ. ಆಡ್ಕೊಳ್ಳೋ ಹುಡುಗರದ್ದು ಸ್ಕೂಲಿನ ಜವಾಬ್ದಾರಿ, ನಿಮ್ಮ ಮಗಳ ಮೈಯ ತಪ್ಪಲ್ಲ. "ದುಪಟ್ಟಾ ಸರಿಯಾಗಿ ಹಾಕ್ಕೋ" ಅಂತ ದಿನಾ ಹೇಳೋದನ್ನ ನಿಲ್ಲಿಸಿ, ನಮ್ಮಮ್ಮ ಹಾಗೆ ಹೇಳಿ ಹೇಳೀನೇ ನನ್ನ ಬೆನ್ನು ಬಗ್ಗಿದ್ದು.

ಪ್ರಶ್ನೆ: 27 ವರ್ಷ, ಮದುವೆ ಗೊತ್ತಾಗ್ತಿದೆ. ಆಪರೇಷನ್ ಆದ್ರೆ ಮಗುಗೆ ಹಾಲು ಕೊಡೋಕಾಗುತ್ತಾ? ಕ್ಯಾನ್ಸರ್ ಬರುತ್ತೆ ಅಂತಾನೂ ಹೇಳ್ತಾರೆ. ಹುಡುಗನಿಗೆ ಹೇಳ್ಬೇಕಾ?
ಬಸವೇಶ್ವರನಗರ

ಉತ್ತರ: ತೊಟ್ಟನ್ನ ಬುಡದ ಸಮೇತ ಸರಿಸಿದ್ರೆ ಎಷ್ಟೋ ಜನ ಹಾಲು ಕೊಡ್ತಾರೆ, ಆದ್ರೆ ಪೂರ್ತಿ ಸಾಕಾಗದೆ ಮೇಲು ಹಾಲು ಸೇರಿಸಬೇಕಾಗಬಹುದು. ಅದು ನಿಮಗೆ ತುಂಬಾ ಮುಖ್ಯ ಅಂದ್ರೆ, ನೋವು ತಡ್ಕೊಳ್ಳೋ ಹಾಗಿದ್ರೆ, ಮಕ್ಕಳಾದ್ಮೇಲೆ ಮಾಡಿಸ್ಕೊಳ್ಳಿ. ಬಸಿರು ಬಾಣಂತನದಲ್ಲಿ ಎದೆ ಮತ್ತೆ ಬದಲಾಗೋದೂ ಇದೆ. ತಡ್ಕೊಳ್ಳೋಕೆ ಆಗ್ತಿಲ್ಲ ಅಂದ್ರೆ ಹುಟ್ಟದೇ ಇರೋ ಮಗು ಹೆಸರಲ್ಲಿ ಹತ್ತು ವರ್ಷ ನೋವು ತಿನ್ಬೇಡಿ. ಕ್ಯಾನ್ಸರ್ ಇದರಿಂದ ಬರಲ್ಲ, ಅಂಗಾಂಶ ಕಮ್ಮಿ ಆಗೋದ್ರಿಂದ ಅಪಾಯ ಸ್ವಲ್ಪ ಕಮ್ಮೀನೇ ಆಗುತ್ತೆ, ತೆಗೆದಿದ್ದನ್ನ ಲ್ಯಾಬಿಗೆ ಕಳಿಸಿ ಪರೀಕ್ಷೆ ಮಾಡಿಸ್ತಾರೆ, ಆ ರಿಪೋರ್ಟ್ ಕೇಳಿ ತಗೊಂಡು ಇಟ್ಕೊಳ್ಳಿ. ಮುಂದೆ ಯಾವಾಗ ಮ್ಯಾಮೋಗ್ರಾಮ್ ಮಾಡಿಸಿದ್ರೂ ಆಪರೇಷನ್ ಆಗಿದೆ ಅಂತ ಹೇಳಿ, ಒಳಗಿನ ಕಲೆ, ಗಟ್ಟಿಯಾದ ಕೊಬ್ಬು ನೋಡಿ ಅವರು ಗಾಬರಿ ಆಗಬಾರದಲ್ಲ. ಹುಡುಗನಿಗೆ ಹೇಳಿ. ಅವರ ಅಮ್ಮ, ಅತ್ತಿಗೆ, ಬ್ರೋಕರ್ ಆಂಟಿಗೆ ಹೇಳೋ ಅಗತ್ಯ ಇಲ್ಲ.

ಪ್ರಶ್ನೆ: ಅಕ್ಕ, ಹಳೇ ಬ್ಲೌಸುಗಳನ್ನೆಲ್ಲಾ ಏನ್ ಮಾಡಿದ್ರಿ?
ಮಲ್ಲೇಶ್ವರಂ

ಉತ್ತರ: ಇದನ್ನ ಕೇಳಿದ್ದಕ್ಕೆ ಖುಷಿಯಾಯ್ತು ಕಣಮ್ಮ. ಇಪ್ಪತ್ತಮೂರಿತ್ತು. ಕಾಟನ್‌ದೆಲ್ಲಾ ನಮ್ಮಕ್ಕನಿಗೆ ಹೋಯ್ತು, ರೇಷ್ಮೆದು ಎಂಟು ಬಿಚ್ಚಿಸಿ ಹೊಲಿಸಿದೆ, ಕುತ್ತಿಗೆ ಡೀಪ್ ಇದ್ದಿದ್ದು ಎರಡು ಏನ್ ಮಾಡಿದ್ರೂ ಹೆಗಲಿಂದ ಜಾರ್ತಿತ್ತು, ಅವು ಬೀರುಲೇ ಇವೆ. ತಪ್ಪು ಮಾಡಿದ್ದು ಏನು ಅಂದ್ರೆ, ಅಣ್ಣನ ಮಗಳ ಮದುವೆ ಇದೆ ಅಂತ ಏಳನೇ ವಾರಕ್ಕೇ ಅಳತೆ ಕೊಟ್ಟೆ. ನಮ್ಮ ಟೈಲರ್ ಹದಿನೈದು ವರ್ಷದಿಂದ ನನ್ನ ಅಳತೆ ಬುಕ್ಕಲ್ಲಿ ಬರೆದಿಟ್ಟಿರೋರು, ಟೇಪ್ ಹಿಡಿದು ಒಂದು ಸಲ ನೋಡಿದ್ರು, ಬುಕ್ ನೋಡಿದ್ರು, ಮತ್ತೆ ಟೇಪ್ ನೋಡಿದ್ರು, ಏನೂ ಕೇಳದೆ ಹಳೇದರ ಮೇಲೆ ಗೆರೆ ಎಳೆದು ಪಕ್ಕದಲ್ಲಿ ಹೊಸದು ಬರೆದ್ಕೊಂಡ್ರು. ಮದುವೆ ಹೊತ್ತಿಗೆ ಊತ ಇನ್ನೂ ಇಳಿದು ಬ್ಲೌಸ್ ಎರಡು ಕಡೇನೂ ಒಂದೊಂದು ಇಂಚು ದೊಗಳೆ, ಧಾರೆ ಮುಗಿಯೋ ತನಕ ಒಳಗೆ ಪಿನ್ನು ಹಾಕ್ಕೊಂಡು ನಿಂತಿದ್ದೆ, ಆಮೇಲೆ ಮತ್ತೆ ಹಿಡಿಸೋಕೆ ಮತ್ತೆ ದುಡ್ಡು ಕೊಟ್ಟೆ. ನೀವು ಕಮ್ಮಿ ಅಂದ್ರೂ ಮೂರು ತಿಂಗಳು ಬಿಟ್ಟು ಹೊಲಿಸಿ, ಒಳಗೆ ಮಾರ್ಜಿನ್ ಜಾಸ್ತಿ ಬಿಡೋಕೆ ಹೇಳಿ.